ಗಿಟಾರ್ ಶುರು ಮಾಡಿದ್ದೇನೆ, ಬೆರಳು ನೋವು ತಡೆಯೋಕೆ ಆಗ್ತಿಲ್ಲ. ದಾವಣಗೆರೆ, ದುರ್ಗದ ಕಡೆಯವರು ದಾರಿ ಹೇಳಿ

ವಿದ್ಯಾನಗರ_ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ, ವಯಸ್ಸು ನಲವತ್ತರ ಹತ್ತಿರ. ಚಿಕ್ಕಂದಿನಿಂದ ವಚನ, ಭಾವಗೀತೆ ಹಾಡುತ್ತೇನೆ. ಆದರೆ ಯಾವ ವಾದ್ಯವನ್ನೂ ಕಲಿತಿಲ್ಲ. ನನ್ನ ಹಾಡಿಗೆ ನಾನೇ ನುಡಿಸಿಕೊಳ್ಳಬೇಕು ಅಂತ ಬಹಳ ವರ್ಷದ ಆಸೆ. ಈ ಸಲ ಊರಲ್ಲೇ ಒಂದು ಅಂಗಡಿಯಲ್ಲಿ ಅಕೌಸ್ಟಿಕ್ ಗಿಟಾರ್ ತಗೊಂಡೆ. ಸ್ಟೀಲ್ ತಂತಿ, ದೊಡ್ಡ ಹೊಟ್ಟೆಯದ್ದು.

ಯೂಟ್ಯೂಬ್ ನೋಡಿ ಇ ಮೈನರ್, ಜಿ, ಡಿ, ಸಿ ಕಾರ್ಡ್ (ಕೆಲವು ಸ್ವರ ಒಟ್ಟಿಗೆ ನುಡಿಸೋದು) ಕಲಿತೆ. ಇ ಮೈನರ್ ಒಂದು ಚೆನ್ನಾಗಿ ಬರುತ್ತೆ. ಉಳಿದದ್ದರಲ್ಲಿ ಒಂದಲ್ಲ ಒಂದು ತಂತಿ ಟಪ್ ಅಂತ ಸತ್ತು ಹೋಗುತ್ತೆ. ಎಫ್ ಅಂತೂ ಕೇಳಲೇಬೇಡಿ, ತೋರುಬೆರಳಲ್ಲಿ ಆರೂ ತಂತಿ ಒತ್ತೋಕೆ ಹೋದರೆ ಮಣಿಕಟ್ಟು ಹಿಡಿದುಕೊಳ್ಳುತ್ತೆ. ಬೆರಳ ತುದಿಯಲ್ಲಿ ತಂತಿಯ ಗೆರೆ ಬೆಳಿಗ್ಗೆವರೆಗೂ ಹೋಗಲ್ಲ. ಅಂಗಡಿಯವರನ್ನು ಕೇಳಿದರೆ "ಪ್ರಾಕ್ಟೀಸ್ ಮಾಡಿ ಮೇಡಂ, ಎಲ್ಲ ಸರಿ ಹೋಗುತ್ತೆ" ಅಂದರು.

ನನ್ನ ಪ್ರಶ್ನೆ: ಇದು ಎಲ್ಲರಿಗೂ ಹೀಗೇನಾ? ಸ್ಟೀಲ್ ತೆಗೆದು ನೈಲಾನ್ ತಂತಿ ಹಾಕಿಸಬಹುದಾ? ಕ್ಲಾಸಿಗೆ ಸೇರಲೇಬೇಕಾ? ಮಗ ಒಂಬತ್ತಕ್ಕೆ ಮಲಗುತ್ತಾನೆ, ನನಗೆ ಸಿಗೋದು ಆಮೇಲಿನ ಅರ್ಧ ಗಂಟೆ ಮಾತ್ರ.

ಮಂಡಿಪೇಟೆ_ಹುಡುಗ

ಎಫ್ ಈಗ ಬೇಡ ಅಕ್ಕ. ಅದು ಬರದೇ ಇದ್ದರೂ ನೂರು ಹಾಡು ನುಡಿಸಬಹುದು.

ಹಳೇಪೇಟೆ_ಪೇಟಿ

ಎಲ್ಲರಿಗೂ ಹೀಗೇ ಅಮ್ಮ. ತಂತಿ ವಾದ್ಯ ಅಂದರೆ ಬೆರಳು ನೋಯಲೇಬೇಕು. ವೀಣೆ ಕಲಿಯೋರಿಗೂ ನೋಯುತ್ತೆ, ಸಿತಾರ್ ಕಲಿಯೋರಿಗಂತೂ ಬೆರಳೇ ಸೀಳುತ್ತೆ. ಒಂದು ತಿಂಗಳು ಬಿಡದೆ ನುಡಿಸಿ, ಚರ್ಮ ಜಡ್ಡುಗಟ್ಟುತ್ತೆ, ಆಮೇಲೆ ಗೊತ್ತೇ ಆಗಲ್ಲ. ಇವತ್ತಿನವರಿಗೆ ತಾಳ್ಮೆ ಕಡಿಮೆ. ನೋವು ಅಂದ ಕೂಡಲೇ ತಂತಿ ಬದಲಾಯಿಸೋದು, ವಾದ್ಯ ಬದಲಾಯಿಸೋದು. ನನ್ನ ಮಾತು ಕಟುವಾಗಿದ್ದರೆ ಬೇಜಾರು ಮಾಡ್ಕೋಬೇಡಿ, ಕಲಿಯಬೇಕು ಅನ್ನೋರನ್ನು ಕಂಡರೆ ನನಗೆ ಪ್ರೀತಿ.

ದುರ್ಗದ_ಗಾಳಿ

ಪೇಟಿ ಸರ್, ಗೌರವ ಇಟ್ಟುಕೊಂಡೇ ಹೇಳ್ತೀನಿ, ಅರ್ಧ ಒಪ್ತೀನಿ. ಬೆರಳ ತುದಿ ಉರಿಯೋದು ಸಹಜ. ಮಣಿಕಟ್ಟು ಹಿಡಿಯೋದು ಸಹಜ ಅಲ್ಲ. ಡಿ ಕಾರ್ಡಿನಲ್ಲೂ ತಂತಿ ಸಾಯ್ತಿದೆ ಅಂದರೆ ಮೊದಲು ಗಿಟಾರ್ ನೋಡಬೇಕು, ಆಮೇಲೆ ಬೆರಳು.

ಮೇಡಂ, ಒಂದು ಕೆಲಸ ಮಾಡಿ. ಮಗನ ಕಂಪಾಸ್ ಬಾಕ್ಸಿನಲ್ಲಿ ಸ್ಟೀಲ್ ಸ್ಕೇಲ್ ಇದ್ದರೆ ತಗೊಳ್ಳಿ. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆ ಅಂಚಿನಿಂದ ಸ್ವಲ್ಪ ಒಳಗೆ ಶುರುವಾಗುತ್ತೆ, ಅಳತೆ ತಪ್ಪುತ್ತೆ. ಗಿಟಾರ್ ಸರಿಯಾಗಿ ಟ್ಯೂನ್ ಮಾಡಿ, ನುಡಿಸುವಾಗ ಹಿಡಿದ ಹಾಗೇ ತೊಡೆ ಮೇಲೆ ಇಟ್ಟುಕೊಳ್ಳಿ. ಫ್ರೆಟ್ ಅಂದರೆ ಕತ್ತಿನ ಮೇಲೆ ಅಡ್ಡ ಕೂರಿಸಿದ ಲೋಹದ ಕಂಬಿ. 12ನೇ ಫ್ರೆಟ್ ಅಂದರೆ ಸಾಮಾನ್ಯವಾಗಿ ಎರಡು ಚುಕ್ಕಿ ಇರೋ ಜಾಗ. ಆ ಫ್ರೆಟ್ಟಿನ ಕಂಬಿಯ ಮೇಲ್ಭಾಗದಿಂದ ಗಿಟಾರ್ ತಂತಿಯ ಕೆಳಭಾಗಕ್ಕೆ ಎಷ್ಟು ಮಿ.ಮೀ. ಇದೆ ನೋಡಿ. ಇದಕ್ಕೇ ಆಕ್ಷನ್ ಅನ್ನೋದು. ದಪ್ಪ ತಂತಿಯ ಹತ್ತಿರ ಎರಡೂವರೆ, ತೆಳು ತಂತಿಯ ಹತ್ತಿರ ಎರಡರ ಆಸುಪಾಸು ಇದ್ದರೆ ಕಲಿಯೋರಿಗೆ ಆರಾಮ. ಮೂರೂವರೆ ದಾಟಿದರೆ ಪಳಗಿದವರಿಗೂ ಕಷ್ಟ.

ಕಡಿಮೆ ಬೆಲೆಯ ಗಿಟಾರ್ ಡಬ್ಬಿಯಿಂದ ತೆಗೆದು ಹಾಗೇ ಕೊಡ್ತಾರೆ. ಅದನ್ನು ಸೆಟಪ್ ಮಾಡಿಸಬೇಕು, ಅಂದರೆ ತಂತಿಯ ಎತ್ತರ ಎಲ್ಲ ಸರಿ ಮಾಡಿಸಬೇಕು ಅಂತ ಯಾರೂ ಹೇಳಲ್ಲ. ಎಷ್ಟೋ ಜನ ಎರಡು ತಿಂಗಳಿಗೆ ಬಿಟ್ಟು ಸಜ್ಜದ ಮೇಲೆ ಹಾಕ್ತಾರಲ್ಲ, ಅವರಲ್ಲಿ ಬಹಳ ಜನರ ಕೈಯಲ್ಲಿ ತಪ್ಪೇ ಇರಲಿಲ್ಲ. ನನಗೆ ಇದನ್ನು ನೋಡಿದರೆ ನಿಜವಾಗಿ ಸಂಕಟ ಆಗುತ್ತೆ.

ಹೊಸದುರ್ಗ_ನೈಲಾನ್

ನೈಲಾನ್ ಬಗ್ಗೆ ಕೇಳಿದ್ದೀರಿ. ಸ್ಟೀಲ್ ಗಿಟಾರಿಗೆ ನೈಲಾನ್ ಹಾಕಿದರೆ ಮುರಿಯಲ್ಲ, ಆದರೆ ಧ್ವನಿ ಸೊರಗುತ್ತೆ. ಸ್ಟೀಲ್ ಗಿಟಾರಿನ ಬ್ರಿಡ್ಜಿಗೆ (ಹೊಟ್ಟೆಯ ಮೇಲೆ ತಂತಿ ಕಟ್ಟೋ ಮರದ ಪಟ್ಟಿ) ಪಿನ್ ಇರುತ್ತೆ, ತಂತಿಯ ತುದಿಯಲ್ಲಿ ಗುಂಡು ಬೇಕು. ನೈಲಾನ್ ತಂತಿಯನ್ನು ಸಾಮಾನ್ಯವಾಗಿ ಗಂಟು ಹಾಕಿ ಕಟ್ಟೋದು. ಕ್ಲಾಸಿಕಲ್ ಗಿಟಾರನ್ನೇ ಬೇರೆ ತಗೊಳ್ಳೋದು ಒಳ್ಳೆಯದು. ನಾನು ಅದರಲ್ಲೇ ಕಲಿತದ್ದು, ಬೆರಳಿಗೆ ಮೆತ್ತಗೆ, ಹಾಡಿನ ಜೊತೆ ತುಂಬ ಚೆಂದ ಕೂರುತ್ತೆ.

ಮಂಡಿಪೇಟೆ_ಹುಡುಗ

ಕ್ಲಾಸಿಕಲ್ ಗಿಟಾರಿನ ಕತ್ತು ಅಗಲ ಅಲ್ವಾ? ನಟ್ ಹತ್ತಿರ, ಅಂದರೆ ಕತ್ತಿನ ಮೇಲ್ತುದಿಯಲ್ಲಿ, 52 ಮಿ.ಮೀ. ಸ್ಟೀಲಿನದ್ದು 43ರ ಹತ್ತಿರ. ಚಿಕ್ಕ ಕೈಗೆ ಅದೂ ಕಷ್ಟ.

ಹೊಸದುರ್ಗ_ನೈಲಾನ್

ಅಗಲ ಇರೋದರಿಂದಲೇ ಬೆರಳು ಪಕ್ಕದ ತಂತಿಗೆ ತಾಗಲ್ಲ. ಅದೂ ಲಾಭವೇ.

ದುರ್ಗದ_ಗಾಳಿ

ಇಬ್ಬರದ್ದೂ ಸರಿ. ಆದರೆ ಇಲ್ಲಿ ಓದುವ ಎಲ್ಲರಿಗೂ ಒಂದು ಎಚ್ಚರಿಕೆ: ತಿರುಗುಮುರುಗು ಮಾತ್ರ ಮಾಡಬೇಡಿ. ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕಬಾರದು. ಒಂದು ಸಾಧಾರಣ ಸ್ಟೀಲ್ ಸೆಟ್, ಅಂದರೆ ತೆಳು ತಂತಿ 12 (ಇಂಚಿನ ಸಾವಿರದಲ್ಲಿ 12 ಪಾಲು ದಪ್ಪ) ಇರೋದು, ಆರೂ ತಂತಿ ಸೇರಿ 70 ಕೆ.ಜಿ.ಗೂ ಜಾಸ್ತಿ ಎಳೆಯುತ್ತೆ. ನೈಲಾನಿಗೆ ಅಂತ ಕಟ್ಟಿದ ತೆಳು ಹಲಗೆ ಅದನ್ನು ತಡೆಯಲ್ಲ. ಬ್ರಿಡ್ಜ್ ಕಿತ್ತುಕೊಂಡು ಬರುತ್ತೆ.

ಮೇಡಂ, ನಿಮ್ಮದು 12ರ ಸೆಟ್ ಆಗಿದ್ದರೆ 10ರದ್ದು ಹಾಕಿಸಿ. ಅದೇ ಸ್ಟೀಲ್, ಸ್ವಲ್ಪ ತೆಳು. ಎಳೆತ ಹತ್ತು ಕೆ.ಜಿ.ಗೂ ಜಾಸ್ತಿ ಇಳಿಯುತ್ತೆ.

ಬೆಣ್ಣೆದೋಸೆ_ಪ್ರೇಮಿ

ವಯಸ್ಸಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಮ್ಮ ರಿಟೈರ್ ಆದಮೇಲೆ ಕೀಬೋರ್ಡ್ ಕಲಿತರು. ಈಗ ಓಣಿಯ ಭಜನೆಗೆ ಅವರೇ ಶ್ರುತಿ ಹಿಡಿಯೋದು. ನೀವು ಹಾಡೋರು ಬೇರೆ. ಕಿವಿ ತಯಾರಾಗಿದೆ, ಅರ್ಧ ಕೆಲಸ ಮುಗಿದಿದೆ.

ವಿದ್ಯಾನಗರ_ಅಕ್ಕ

ಇಷ್ಟು ಜನ ಉತ್ತರ ಕೊಟ್ಟಿದ್ದು ನೋಡಿ ಖುಷಿಯಾಯ್ತು. ದುರ್ಗದವರು ಹೇಳಿದ ಹಾಗೆ ಅಳೆದೆ. ದಪ್ಪ ತಂತಿಯ ಹತ್ತಿರ 4 ಮಿ.ಮೀ., ತೆಳು ತಂತಿಯ ಹತ್ತಿರ ಮೂರೂವರೆ. ಯಜಮಾನರ ಕೈಲೂ ಅಳೆಸಿದೆ, ಅಷ್ಟೇ ಬಂತು.

ಮಂಡಿಪೇಟೆ_ಹುಡುಗ

ಅಯ್ಯೋ! 4 ಮಿ.ಮೀ. ಇಟ್ಟುಕೊಂಡು ಜಿ, ಸಿ ಹಿಡಿದಿದ್ದೀರಾ? ನಿಮ್ಮ ಕೈಗೆ ನಮಸ್ಕಾರ ಅಕ್ಕ.

ದುರ್ಗದ_ಗಾಳಿ

ಅದೇ ನೋಡಿ. ಈಗ ಎಲ್ಲಿಂದ ಎತ್ತರ ಬಂದಿದೆ ಅಂತ ಹುಡುಕಬೇಕು. ಮೂರು ಜಾಗ ಇದೆ.

ಮೊದಲು ಕತ್ತು. 6ನೇ ತಂತಿಯನ್ನು (ಎಲ್ಲಕ್ಕಿಂತ ದಪ್ಪದ್ದು, ತೆಳುವಾದದ್ದು 1ನೇದು) 1ನೇ ಫ್ರೆಟ್ಟಿನಲ್ಲೂ 14ನೇ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ತಂತಿಯೇ ನೇರ ಪಟ್ಟಿ ಆಯ್ತು. 7ನೇ ಫ್ರೆಟ್ಟಿನ ಹತ್ತಿರ ಅದರ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದಿ ಇದ್ದರೆ ಸರಿ. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಕತ್ತು ಮುಂದಕ್ಕೆ ಬಾಗಿದೆ, ಒಳಗಿನ ಟ್ರಸ್ ರಾಡ್ (ಕತ್ತಿನ ಬಾಗು ಸರಿ ಮಾಡೋ ಲೋಹದ ಸರಳು) ತಿರುಗಿಸಬೇಕು. ಅದನ್ನು ನೀವೇ ಮಾಡೋಕೆ ಹೋಗಬೇಡಿ. ಗೊತ್ತಿರೋರೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಲ್ಲ.

ಎರಡನೆಯದು ನಟ್, ಅಂದರೆ ತಂತಿಗಳು ಬಿರಡೆ ಕಡೆಗೆ ಹೋಗುವ ಮುಂಚೆ ಕೂರುವ ಬಿಳಿ ಪಟ್ಟಿ. ಅದರ ಕಚ್ಚು ಆಳ ಇಲ್ಲದಿದ್ದರೆ 1ನೇ ಫ್ರೆಟ್ ಹತ್ತಿರ ತಂತಿ ಗಟ್ಟಿ. ಎಫ್ ಕಾರ್ಡಿನ ಹಿಂಸೆ ಹೆಚ್ಚಾಗಿ ಅಲ್ಲೇ. ಪರೀಕ್ಷೆ ಸುಲಭ. 1ನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಯನ್ನೂ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಅದರ ಮೇಲೆ ಎಫ್ ಆಕಾರ ಹಿಡಿಯಿರಿ. ಸಲೀಸಾಗಿ ಬಂದರೆ ನಟ್ ಎತ್ತರ ಇದೆ ಅಂತ ಅರ್ಥ.

ಮೂರನೆಯದು ಸ್ಯಾಡಲ್, ಬ್ರಿಡ್ಜಿನ ಮೇಲಿರೋ ಬಿಳಿ ಪಟ್ಟಿ. ಬಹಳ ಗಿಟಾರಿನಲ್ಲಿ ಇದೇ ಎತ್ತರ ಇರೋದು. ಲೆಕ್ಕ ನೆನಪಿಡಿ: 12ನೇ ಫ್ರೆಟ್ ತಂತಿಯ ಉದ್ದದ ನಡುವೆ ಬರೋದರಿಂದ ಅಲ್ಲಿ 1 ಮಿ.ಮೀ. ಇಳಿಸಬೇಕಾದರೆ ಸ್ಯಾಡಲಿನಲ್ಲಿ 2 ಮಿ.ಮೀ. ತೆಗೆಯಬೇಕು. ನಿಮಗೆ ಒಂದೂವರೆ ಇಳಿಯಬೇಕು, ಅಂದರೆ ಮೂರು ತೆಗೆಯಬೇಕು. ಸ್ಯಾಡಲ್ ಬ್ರಿಡ್ಜಿನಿಂದ ಎಷ್ಟು ಮೇಲೆ ಕಾಣುತ್ತೆ ಹೇಳಿ.

ವಿದ್ಯಾನಗರ_ಅಕ್ಕ

5 ಮಿ.ಮೀ. ಕಾಣುತ್ತೆ. ವಿಸಿಟಿಂಗ್ ಕಾರ್ಡ್ ಪರೀಕ್ಷೆಯೂ ಮಾಡಿದೆ, ಕತ್ತು ಸರಿ ಇದೆ ಅನ್ನಿಸುತ್ತೆ, ಕಾರ್ಡ್ ಬಿಗಿಯಾಗಿ ಹೋಗುತ್ತೆ. ಕೇಪೋ ಇಲ್ಲ.

ದುರ್ಗದ_ಗಾಳಿ

ಹಾಗಾದರೆ ಆಗುತ್ತೆ. ಮೂರು ತೆಗೆದರೂ ಎರಡು ಉಳಿಯುತ್ತೆ. ಅದಕ್ಕಿಂತ ಕಡಿಮೆ ಮಾಡಬಾರದು, ತಂತಿ ಸ್ಯಾಡಲ್ ಮೇಲೆ ಒತ್ತಿ ಕೂರಲ್ಲ, ಧ್ವನಿ ಹೋಗುತ್ತೆ. ತಳದಿಂದ ಉಜ್ಜಬೇಕು, ಮೇಲಿನ ಉಬ್ಬು ಮುಟ್ಟಬಾರದು. ಗಾಜಿನ ಮೇಲೆ ಪಾಲಿಶ್ ಪೇಪರ್ ಅಂಟಿಸಿ, ತಳ ಚಪ್ಪಟೆಯಾಗಿ ಉಳಿಯೋ ಹಾಗೆ ಉಜ್ಜೋದು. ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ಸ್ವಲ್ಪ ಉಜ್ಜಿ, ತಂತಿ ಕಟ್ಟಿ ನೋಡಿ, ಮತ್ತೆ ಉಜ್ಜಬೇಕು. ತೆಗೆದದ್ದು ವಾಪಸ್ ಬರಲ್ಲ. ಕೈಗೆ ಧೈರ್ಯ ಇಲ್ಲದಿದ್ದರೆ ಗೊತ್ತಿರೋರ ಹತ್ತಿರ ಕೊಡಿ.

ಬೆಣ್ಣೆದೋಸೆ_ಪ್ರೇಮಿ

ದಾವಣಗೆರೆಯಲ್ಲಿ ಯಾರು ಮಾಡ್ತಾರೆ ಇದನ್ನ? ಇದಕ್ಕೂ ಬೆಂಗಳೂರಿಗೆ ಹೋಗಬೇಕಾ?

ಹಳೇಪೇಟೆ_ಪೇಟಿ

ಬೆಂಗಳೂರು ಯಾಕೆ? ಹಾರ್ಮೋನಿಯಂ, ತಬಲಾ ರಿಪೇರಿ ಮಾಡೋರನ್ನು ಹುಡುಕಿ. ಸಿತಾರಿನ ಜವಾರಿ (ತಂತಿ ಕೂರುವ ಪಟ್ಟಿಯ ಮೇಲ್ಮೈ) ಕೂರಿಸೋ ಕೈಗೆ ಈ ಪಟ್ಟಿ ಉಜ್ಜೋದು ದೊಡ್ಡದಲ್ಲ. ನಮ್ಮ ಊರು ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದ್ದ ಊರು. ಕಂಪನಿ ಊರೂರು ತಿರುಗುವಾಗ ಪೇಟಿಯ ರೀಡು, ತಿದಿ ಎಲ್ಲ ಸರಿ ಮಾಡೋ ಕೈಗಳು ಜೊತೆಗೇ ಇರುತ್ತಿದ್ದವು. ಅಂಥವರ ಮನೆಯಲ್ಲಿ ಈಗಲೂ ಆ ಕೆಲಸ ಗೊತ್ತಿರೋರು ಸಿಗ್ತಾರೆ.

ದುರ್ಗದವರ ಲೆಕ್ಕ ಓದಿದೆ. ಅವರು ಹೇಳಿದ್ದು ಸರಿ ಇದೆ. ವಾದ್ಯ ಸರಿ ಇರಬೇಕು, ಅದು ಮೊದಲನೇ ಮಾತು. ಶ್ರುತಿ ನಿಲ್ಲದ ಪೇಟಿ ಇಟ್ಟುಕೊಂಡು ಯಾರಿಗೂ ಸ್ವರ ಕಲಿಸೋಕೆ ಆಗಲ್ಲ.

ಹಾಸ್ಟೆಲ್_ರೂಂ

ಬ್ರೋ, ನಮ್ಮ ಹಾಸ್ಟೆಲಲ್ಲಿ ರಾತ್ರಿ ನುಡಿಸಿದರೆ ವಾರ್ಡನ್ ಬರ್ತಾರೆ. ಸದ್ದಿಲ್ಲದೆ ಹೇಗೆ ಪ್ರಾಕ್ಟೀಸ್ ಮಾಡೋದು? ಅಕ್ಕನಿಗೂ ಮಗ ಮಲಗಿರ್ತಾನಲ್ಲ.

ಮಂಡಿಪೇಟೆ_ಹುಡುಗ

ಬ್ರಿಡ್ಜಿನ ಹತ್ತಿರ ತಂತಿಗಳ ಕೆಳಗೆ ಒಂದು ಪಟ್ಟಿ ಸ್ಪಂಜು ತೂರಿಸು. ಡಬ್ ಡಬ್ ಅಂತ ಕೇಳುತ್ತೆ, ಪಕ್ಕದ ರೂಮಿಗೆ ಹೋಗಲ್ಲ. ಕಾರ್ಡ್ ಬದಲಾಯಿಸೋದು ಕಲಿಯೋಕೆ ಧ್ವನಿ ಬೇಕಿಲ್ಲ. ಇ ಮೈನರಿಂದ ಜಿ, ಜಿಯಿಂದ ಇ ಮೈನರ್, ಒಂದು ನಿಮಿಷದಲ್ಲಿ ಎಷ್ಟು ಸಲ ಆಗುತ್ತೆ ಅಂತ ಗಡಿಯಾರ ಇಟ್ಟು ನೋಡು. ಆದರೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಸ್ಪಂಜು ತೆಗೆದು ಕೇಳಿಸಿಕೋ, ಇಲ್ಲಾಂದರೆ ಸತ್ತ ತಂತಿ ಯಾವುದು ಅಂತ ಗೊತ್ತೇ ಆಗಲ್ಲ.

ಜೋಗಿಮಟ್ಟಿ_ಮಳೆ

ಇನ್ನೊಂದು ಮಾತು. ಬೆರಳನ್ನು ಫ್ರೆಟ್ಟಿನ ನಡುವೆ ಒತ್ತಬೇಡಿ, ಫ್ರೆಟ್ಟಿನ ಕಂಬಿಗೆ ಅಂಟಿದ ಹಾಗೆ ಅದರ ಹಿಂದೆ ಒತ್ತಿ. ಅರ್ಧ ಬಲ ಸಾಕು. ಎಡಗೈ ಉಗುರು ಪೂರ್ತಿ ಕತ್ತರಿಸಿ. ಭಾನುವಾರ ಎರಡು ಗಂಟೆ ಕೂರೋದಕ್ಕಿಂತ ದಿನಾ ಹದಿನೈದು ನಿಮಿಷ ಒಳ್ಳೆಯದು. ಬೊಬ್ಬೆ ಬಂದರೆ ಒಂದೆರಡು ದಿನ ಬಿಡಿ, ಒಡೆದ ಬೊಬ್ಬೆ ಮೇಲೆ ನುಡಿಸಬೇಡಿ.

ಹರಿಹರ_ಷಡ್ಜ

ನಾನು ಹಿಂದೂಸ್ತಾನಿ ಹಾಡುಗಾರಿಕೆ ಕಲಿಸ್ತೀನಿ. ಇಡೀ ಚರ್ಚೆ ಓದಿದೆ. ಎಲ್ಲರೂ ಮರ, ತಂತಿ, ಮಿ.ಮೀ. ಬಗ್ಗೆ ಹೇಳಿದಿರಿ. ತಂಗಿ ಹಾಡೋದು ವಚನ. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ವಚನ ಹಾಡಿದ್ದು ನಾವು ಕೇಳಿ ಬೆಳೆದವರು. ಅದಕ್ಕೆ ಜಿ, ಸಿ, ಡಿ ಅಂತ ಕಾರ್ಡ್ ಹಾಕಿ ಬಾರಿಸಿದರೆ ರಾಗ ಉಳಿಯುತ್ತಾ? ಭೂಪಾಲಿಯಲ್ಲಿ ಮಧ್ಯಮ ಇಲ್ಲ, ನಿಷಾದ ಇಲ್ಲ. ಕಾರ್ಡಿನಲ್ಲಿ ಅವು ಬಂದು ಕೂರುತ್ತವೆ. ಕೇಳೋಕೆ ನೋವಾಗುತ್ತೆ. ತಂಗಿ, ನೀವು ಮೊದಲು ತಂಬೂರಿ ಶ್ರುತಿ ಇಟ್ಟು ಹಾಡಿ. ಗಿಟಾರ್ ನಮ್ಮ ವಾದ್ಯ ಅಲ್ಲ.

ಹಾಸ್ಟೆಲ್_ರೂಂ

ಬ್ರಿಜ್ ಭೂಷಣ್ ಕಾಬ್ರಾ ಅವರು ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸಿದರಲ್ಲ ಸರ್? ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ಮೋಹನ ವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿ ಬಂತು.

ಹರಿಹರ_ಷಡ್ಜ

ಅವರು ಮಡಿಲಲ್ಲಿ ಮಲಗಿಸಿ, ಕಂಬಿ ಜಾರಿಸಿ ನುಡಿಸಿದವರು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಬರುತ್ತೆ. ಕಾರ್ಡ್ ಹಿಡಿದು ಬಾರಿಸೋದು ಬೇರೆ ವಿಷಯ.

ಹಳೇಪೇಟೆ_ಪೇಟಿ

ಗುರುಗಳೇ, "ನಮ್ಮ ವಾದ್ಯ ಅಲ್ಲ" ಅನ್ನೋ ಮಾತನ್ನು ನಾನು ಒಪ್ಪಲ್ಲ. ನನ್ನ ಪೇಟಿಗೂ ಇದೇ ಮಾತು ಹೇಳಿದ್ದರು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗೆ ಹಾಕಿತು, 1971ರವರೆಗೂ ಬಾಗಿಲು ತೆಗೆಯಲಿಲ್ಲ. ಮೂವತ್ತು ವರ್ಷ! ಅಷ್ಟೂ ಕಾಲ ನಾಟಕದ ರಂಗದಲ್ಲಿ, ಮಠದಲ್ಲಿ, ಭಜನೆ ಮನೆಯಲ್ಲಿ ಪೇಟಿ ಇಲ್ಲದೆ ಒಂದು ಹಾಡು ನಡೆಯಲಿಲ್ಲ. ನೀವು ಹೇಳಿದ ದೊಡ್ಡವರೂ ಪೇಟಿ ಪಕ್ಕದಲ್ಲಿ ಇಟ್ಟುಕೊಂಡೇ ಹಾಡಿದವರು. ಪಿಟೀಲೂ ಹೊರಗಿನಿಂದಲೇ ಬಂತು. ಯಾವ ವಾದ್ಯ ನಮ್ಮದಾಗುತ್ತೆ ಅನ್ನೋದು ಅದನ್ನು ಹಿಡಿದವರ ಕೈಯಲ್ಲಿದೆ.

ದುರ್ಗದ_ಗಾಳಿ

ಪೇಟಿ ಸರ್, ಕೈ ಮುಗಿದೆ.

ಹರಿಹರ ಗುರುಗಳು ಎತ್ತಿದ ಪ್ರಶ್ನೆ ಮಾತ್ರ ಗಟ್ಟಿ ಇದೆ, ಅದನ್ನು ಸುಮ್ನೆ ದಾಟಬಾರದು. ಮೇಡಂ, ನಿಮ್ಮ ಶ್ರುತಿ ಎಷ್ಟು?

ವಿದ್ಯಾನಗರ_ಅಕ್ಕ

ಕಪ್ಪು 4 (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ). ಈಗ ಕಲೀಬೇಕು ಅಂತಿರೋ ವಚನ ಭೂಪಾಲಿಯಲ್ಲೇ ಇದೆ.

ದುರ್ಗದ_ಗಾಳಿ

ಬಹಳ ಒಳ್ಳೆಯದಾಯ್ತು. ಕಪ್ಪು 4 ಅಂದರೆ ಗಿಟಾರಿನಲ್ಲಿ ಜಿ ಶಾರ್ಪ್. 1ನೇ ಫ್ರೆಟ್ಟಿಗೆ ಕೇಪೋ ಹಾಕಿ ಜಿ ಆಕಾರ ಹಿಡಿದರೆ ಬರೋದು ಅದೇ. ಹಾಗಾಗಿ ಜಿಯನ್ನೇ ಷಡ್ಜ ಅಂದುಕೊಳ್ಳಿ. ಭೂಪಾಲಿಯ ಸ ರಿ ಗ ಪ ದ ಅಂದರೆ ಜಿ, ಎ, ಬಿ, ಡಿ, ಇ. ಈಗ ಕಾರ್ಡ್ ನೋಡಿ. ಜಿ ಕಾರ್ಡಿನಲ್ಲಿರೋದು ಜಿ, ಬಿ, ಡಿ. ಅಂದರೆ ಸ ಗ ಪ. ಇ ಮೈನರಿನಲ್ಲಿರೋದು ಇ, ಜಿ, ಬಿ. ಅಂದರೆ ದ ಸ ಗ. ಎರಡೂ ರಾಗದ ಒಳಗೇ ಇವೆ, ಒಂದು ಸ್ವರವೂ ಹೊರಗಿನದ್ದಿಲ್ಲ.

ಸಿ ಕಾರ್ಡ್ ಬೇಡ, ಅದರಲ್ಲಿ ಮಧ್ಯಮ ಇದೆ. ಡಿ ಕಾರ್ಡಿನಲ್ಲಿ 1ನೇ ತಂತಿಯ 2ನೇ ಫ್ರೆಟ್ ನಿಷಾದ. ಆ ಒಂದು ತಂತಿ ಬಿಟ್ಟು, 4ನೇ ತಂತಿ ಖಾಲಿ, 3ನೇ ತಂತಿ 2ನೇ ಫ್ರೆಟ್, 2ನೇ ತಂತಿ 3ನೇ ಫ್ರೆಟ್, ಈ ಮೂರನ್ನೇ ನುಡಿಸಿದರೆ ಪ ರಿ ಪ. ಗುರುಗಳು ಹೇಳಿದ ನೋವು ಇರಲ್ಲ. ಈ ವಚನಕ್ಕೆ ನಿಮಗೆ ಎಫ್ ಕಾರ್ಡಿನ ಅವಶ್ಯಕತೆಯೇ ಇಲ್ಲ.

ಹರಿಹರ_ಷಡ್ಜ

ಈ ಲೆಕ್ಕ ನಾನು ಒಪ್ತೀನಿ. ಹೀಗೆ ರಾಗ ನೋಡಿಕೊಂಡು ಕಾರ್ಡ್ ಆರಿಸೋದಾದರೆ ನನ್ನ ತಕರಾರಿಲ್ಲ. ಆದರೂ ಆಲಾಪದ ಜಾಗದಲ್ಲಿ ಕಾರ್ಡ್ ಬೇಡ, ಬರೀ ಶ್ರುತಿ ಇರಲಿ. ಗಿಟಾರಿನಲ್ಲಿ ತಂಬೂರಿಯ ಹಾಗೆ ಸ ಪ ಹಿಡಿಯೋಕೆ ಬರುತ್ತಾ?

ದುರ್ಗದ_ಗಾಳಿ

ಬರುತ್ತೆ ಗುರುಗಳೇ. 6, 5 ಮತ್ತು 1ನೇ ತಂತಿಯನ್ನು ಎರಡೆರಡು ಫ್ರೆಟ್ಟಿನಷ್ಟು ಇಳಿಸಿದರೆ ಆರು ತಂತಿ ಡಿ ಜಿ ಡಿ ಜಿ ಬಿ ಡಿ ಆಗುತ್ತೆ. ಅಂದರೆ ಪ ಸ ಪ ಸ ಗ ಪ. ಎಡಗೈ ಮುಟ್ಟುವ ಹಾಗೇ ಇಲ್ಲ. ಕೇಪೋ 1ಕ್ಕೆ ಹಾಕಿದರೆ ಅಕ್ಕನ ಕಪ್ಪು 4. ಬೆರಳು ನೋಯುವ ದಿನಗಳಲ್ಲಿ ಇದನ್ನೇ ಮೀಟಿಕೊಂಡು ಹಾಡಬಹುದು. ತಂತಿ ಇಳಿಸೋದರಿಂದ ಗಿಟಾರಿಗೆ ಏನೂ ಆಗಲ್ಲ. ಕೋಮಲ ಗಾಂಧಾರದ ರಾಗವಾದರೆ 2ನೇ ತಂತಿ ಬಿಟ್ಟು ಮೀಟಬೇಕು.

ತಬಲಾ_ತಮ್ಮ

ಎಲ್ಲರೂ ಎಡಗೈ ಬಗ್ಗೆಯೇ ಮಾತಾಡ್ತಿದ್ದೀರಿ. ಬಲಗೈ ಯಾರು ಕಲಿಸೋದು? ಹಾಡು ನಿಲ್ಲೋದು ಬಲಗೈ ತಾಳದ ಮೇಲೆ.

ಅಕ್ಕ, ಯೂಟ್ಯೂಬಿನವರು ಡೌನ್ ಡೌನ್ ಅಪ್ ಅಂತ ಬಾಯಿಪಾಠ ಮಾಡಿಸ್ತಾರೆ. ನಿಮಗೆ ಕೆಹರವಾ ತಾಳ ಗೊತ್ತಲ್ಲ: ಧಾ ಗೆ ನಾ ತಿ, ನಾ ಕೆ ಧಿ ನಾ. ಎಂಟು ಮಾತ್ರೆ. 1, 3, 5, 7ಕ್ಕೆ ಕೈ ಕೆಳಗೆ, 2, 4, 6, 8ಕ್ಕೆ ಮೇಲೆ. ಇದು ತಪ್ಪಲೇಬಾರದು, ತಂತಿ ತಾಗಲಿ ಬಿಡಲಿ ಕೈ ಆಡ್ತಾನೇ ಇರಬೇಕು. ಈಗ 2ಕ್ಕೂ 5ಕ್ಕೂ ಮಾತ್ರ ಗಾಳಿಯಲ್ಲಿ ಹೋಗಲಿ. ಎಲ್ಲರೂ ಹೇಳಿಕೊಡುವ ಆ ಡೌನ್, ಡೌನ್ ಅಪ್, ಅಪ್ ಡೌನ್ ಅಪ್ ಅದೇ. ಬೇರೆ ಏನೂ ಇಲ್ಲ.

ದಾದ್ರಾ ಆದರೆ ಆರು: ಧಾ ಧೀ ನಾ, ಧಾ ತೀ ನಾ. ಭಾವಗೀತೆಗಳಲ್ಲಿ ಈ ನಡೆ ಬಹಳ. ಧಾ ಬಂದಾಗ ಹೆಬ್ಬೆರಳಲ್ಲಿ ದಪ್ಪ ತಂತಿ ಒಂದೇ ಮೀಟಿ, ಉಳಿದ ಎರಡು ಮಾತ್ರೆಗೆ ತೆಳು ತಂತಿಗಳ ಮೇಲೆ ಮೆಲ್ಲಗೆ ಸವರಿ. ಬಾಯಲ್ಲಿ ಬೋಲ್ (ಧಾ, ನಾ ಅನ್ನೋ ತಬಲಾ ಅಕ್ಷರ) ಹೇಳ್ತಾ ನುಡಿಸಿ. ಮೊದಲು ಕಾರ್ಡ್ ಬೇಡ, ಎಡಗೈಯಿಂದ ತಂತಿ ಮುಚ್ಚಿ ಬರೀ ತಾಳ.

ವಿದ್ಯಾನಗರ_ಅಕ್ಕ

ತಮ್ಮಾ, ಇದು ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಬೋಲ್ ಹೇಳಿಕೊಂಡು ಮಾಡಿದ ಕೂಡಲೇ ಕೈ ಹೊರಳಿತು. ಯೂಟ್ಯೂಬಿನ ಆ ಡೌನ್, ಅಪ್ ಬಾಣದ ಗುರುತು ನೋಡಿ ನೋಡಿ ತಲೆ ಕೆಟ್ಟಿತ್ತು.

ಚಳ್ಳಕೆರೆ_ಎಡಗೈ

ನಾನು ಎಡಚ. ಮಾಮೂಲಿ ಗಿಟಾರಿನ ತಂತಿ ತಿರುಗಿಸಿ ಕಟ್ಟಿದರೆ ಆಗಲ್ವಾ?

ಮಂಡಿಪೇಟೆ_ಹುಡುಗ

ಹಾಗೇ ಆಗಲ್ಲ. ನಟ್ಟಿನ ಕಚ್ಚು ದಪ್ಪಕ್ಕೆ ಅಗಲ, ತೆಳುವಿಗೆ ಸಣ್ಣ. ಸ್ಯಾಡಲ್ ಓರೆಯಾಗಿ ಕೂತಿರುತ್ತೆ, ತಿರುಗಿಸಿದರೆ ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ತಪ್ಪುತ್ತೆ. ಎಡಗೈ ಗಿಟಾರೇ ತಗೋ, ಆನ್‌ಲೈನಿನಲ್ಲಿ ಸಿಗುತ್ತೆ. ಇನ್ನೂ ಶುರುವೇ ಮಾಡಿಲ್ಲ ಅಂದರೆ ಮಾಮೂಲಿ ರೀತಿಯಲ್ಲೇ ಹಿಡಿದು ನೋಡು, ಎಷ್ಟೋ ಎಡಚರು ಹಾಗೇ ನುಡಿಸ್ತಾರೆ. ಕಷ್ಟದ ಕೆಲಸ ಮಾಡೋದು ಎಡಗೈಯೇ ತಾನೇ.

ತಬಲಾ_ತಮ್ಮ

ಇಲ್ಲ ಬ್ರೋ, ತಾಳ ಹಿಡಿಯೋ ಕೈ ಬಲವಾದ ಕೈ ಆಗಿರಬೇಕು. ನನ್ನ ಮಾತು ಕೇಳಿದರೆ ಎಡಗೈ ಗಿಟಾರೇ ತಗೊಳ್ಳಿ.

ಬೆಣ್ಣೆದೋಸೆ_ಪ್ರೇಮಿ

ಕ್ಲಾಸಿನ ಪ್ರಶ್ನೆ ಹಾಗೇ ಉಳೀತು. ನನ್ನ ಅನುಭವ: ಒಂದು ಕಡೆ ಸೇರಿದೆ, ಹತ್ತು ಮಕ್ಕಳು ಒಂದೇ ರೂಮಿನಲ್ಲಿ, ಯಾರ ಗಿಟಾರ್ ಶ್ರುತಿಯಲ್ಲಿದೆ ಅಂತ ಮೇಷ್ಟ್ರು ನೋಡಲೇ ಇಲ್ಲ. ಎರಡು ತಿಂಗಳ ಫೀಸು ಕಟ್ಟಿಸಿಕೊಂಡು ಒಂದು ಹುಟ್ಟುಹಬ್ಬದ ಹಾಡು ಕಲಿಸಿದರು.

ಜೋಗಿಮಟ್ಟಿ_ಮಳೆ

ಎಲ್ಲ ಕಡೆ ಹಾಗಿಲ್ಲ. ವಾರಕ್ಕೊಂದು ಸಲ ಒಬ್ಬರು ಎದುರಿಗೆ ಕೂತು ಕೈ ನೋಡೋದು ಬೇಕೇ ಬೇಕು. ಮಣಿಕಟ್ಟು ಮಡಿಸಿದ್ದೀರಿ, ಭುಜ ಎತ್ತಿದ್ದೀರಿ ಅಂತ ವಿಡಿಯೋ ಹೇಳಲ್ಲ. ಸೇರುವ ಮುಂಚೆ ಒಂದು ಕ್ಲಾಸ್ ಕೂತು ನೋಡಿ. ಮೇಷ್ಟ್ರು ಮೊದಲು ನಿಮ್ಮ ಗಿಟಾರ್ ಕೈಗೆ ತಗೊಂಡು ಟ್ಯೂನ್ ಮಾಡಿ, ಒಂದೆರಡು ಕಾರ್ಡ್ ಹಿಡಿದು ನೋಡಿದರೆ ಸೇರಿ. ಹಾಗೆ ನೋಡಿದವರಾಗಿದ್ದರೆ ಅಕ್ಕನ 4 ಮಿ.ಮೀ. ಮೊದಲ ದಿನವೇ ಗೊತ್ತಾಗ್ತಿತ್ತು.

ವಿದ್ಯಾನಗರ_ಅಕ್ಕ

ಎಲ್ಲರಿಗೂ ಸುದ್ದಿ ಹೇಳಬೇಕು. ಪೇಟಿ ಸರ್ ಹೇಳಿದ ಹಾಗೆ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರು ಸಿಕ್ಕರು. ಈ ಚರ್ಚೆಯನ್ನೇ ಫೋನಿನಲ್ಲಿ ಓದಿ ಹೇಳಿದೆ. ಅವರು ತಂತಿ ಸಡಿಲಿಸಿ, ಸ್ಯಾಡಲನ್ನು ಮೆಲ್ಲಗೆ ಕಿತ್ತು, ಪೆನ್ಸಿಲ್ ಗೆರೆ ಎಳೆದು, ಗಾಜಿನ ಮೇಲೆ ಉಜ್ಜಿದರು. ಒಂದೇ ಸಲ ಮೂರು ಮಿ.ಮೀ. ತೆಗೆಯಲಿಲ್ಲ. ಸ್ವಲ್ಪ ತೆಗೆದು, ತಂತಿ ಎಳೆದು, ಕಣ್ಣು ಮುಚ್ಚಿಕೊಂಡು ಒಂದೊಂದೇ ಫ್ರೆಟ್ ಮೀಟಿ ಕೇಳಿ, ಮತ್ತೆ ಕೀಳುತ್ತಿದ್ದರು. ನಟ್ಟಿನ ಕಚ್ಚುಗಳನ್ನೂ ಸಣ್ಣ ಅರದಲ್ಲಿ ಒಂದಿಷ್ಟು ಇಳಿಸಿದರು. 10ರ ತಂತಿ ಹಾಕಿಸಿದೆ. ಈಗ ದಪ್ಪ ತಂತಿಯ ಹತ್ತಿರ ಎರಡೂವರೆ ಇದೆ.

ಅದೇ ಕೈ, ಅದೇ ಬೆರಳು. ಡಿ ಕಾರ್ಡ್ ಪೂರ್ತಿ ಕೇಳಿಸ್ತು. ಕೇಪೋ ಹಾಕಿ ಜಿ, ಇ ಮೈನರ್ ಇಟ್ಟು ವಚನದ ಪಲ್ಲವಿ ಹಾಡಿದೆ. ಯಜಮಾನರು ಅಡುಗೆಮನೆಯಿಂದ ಬಂದು ನಿಂತುಕೊಂಡು ಕೇಳಿದರು.

ಹರಿಹರ_ಷಡ್ಜ

ಸಂತೋಷ ತಂಗಿ. ರೆಕಾರ್ಡ್ ಮಾಡಿ ಹಾಕಿ, ಕೇಳೋಣ. ಗಾಂಧಾರ ಗಿಟಾರಿನದ್ದು ಸ್ವಲ್ಪ ಮೇಲೆ ಇರುತ್ತೆ, ನಿಮ್ಮ ಗಂಟಲಿನ ಗಾಂಧಾರವನ್ನೇ ನಂಬಿ.

ಮಂಡಿಪೇಟೆ_ಹುಡುಗ

ಅಕ್ಕ, ಈಗ ಎಫ್ ಕೂಡ ಬರುತ್ತೆ ನೋಡಿ. 1ನೇ ಫ್ರೆಟ್ಟಿನಲ್ಲಿ ಶುರು ಮಾಡಬೇಡಿ, ಅದೇ ಆಕಾರ 5ನೇ ಫ್ರೆಟ್ಟಿನಲ್ಲಿ ಹಿಡಿಯಿರಿ, ಅಲ್ಲಿ ಅದು ಎ ಆಗುತ್ತೆ. ಅಲ್ಲಿ ಸಲೀಸಾದ ಮೇಲೆ ಒಂದೊಂದೇ ಫ್ರೆಟ್ ಕೆಳಗೆ ಬನ್ನಿ. ತೋರುಬೆರಳು ಆರೂ ತಂತಿ ಒತ್ತಬೇಕಿಲ್ಲ. 5, 4, 3ನೇ ತಂತಿಯನ್ನು ಬೇರೆ ಬೆರಳು ನೋಡಿಕೊಳ್ಳುತ್ತವೆ. ತೋರುಬೆರಳಿನ ಕೆಲಸ 6, 2, 1 ಮಾತ್ರ. ಬೆರಳನ್ನು ಸ್ವಲ್ಪ ಹೆಬ್ಬೆರಳಿನ ಕಡೆಗೆ ಹೊರಳಿಸಿ, ಮೂಳೆಯ ಬದಿ ತಾಗಲಿ. ಅಲ್ಲಿಯವರೆಗೆ ಎಫ್ ಮೇಜರ್ 7 ಸಾಕು: 4ನೇ ತಂತಿ 3ನೇ ಫ್ರೆಟ್, 3ನೇ ತಂತಿ 2ನೇ, 2ನೇ ತಂತಿ 1ನೇ, 1ನೇ ತಂತಿ ಖಾಲಿ.

ದುರ್ಗದ_ಗಾಳಿ

ಬೇಸಿಗೆ ಬರ್ತಿದೆ, ಇದೊಂದು ಹೇಳಿಬಿಡ್ತೀನಿ. ನಮ್ಮ ದುರ್ಗದ ಒಣಗಾಳಿ, ನಿಮ್ಮ ದಾವಣಗೆರೆ ಬಿಸಿಲು, ಎರಡೂ ಗಿಟಾರಿಗೆ ಆಗಲ್ಲ. ಮರಕ್ಕೆ ಹಿತವಾದ ತೇವ 45ರಿಂದ 55 ಶೇಕಡಾ. ಒಣಗಿದರೆ ಹಲಗೆ ಕುಗ್ಗಿ ಸೀಳು ಬಿಡುತ್ತೆ, ಫ್ರೆಟ್ಟಿನ ತುದಿ ಕೈಗೆ ಚುಚ್ಚುತ್ತೆ. ಬಿಸಿಲು ಬೀಳುವ ಗೋಡೆಗೆ ನೇತು ಹಾಕಬೇಡಿ. ಕಾರಿನಲ್ಲಿ ಬಿಟ್ಟು ಮದುವೆಗೆ ಹೋಗಬೇಡಿ, ಮುಚ್ಚಿದ ಕಾರಿನ ಕಾವಿಗೆ ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತೆ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜು ಇಟ್ಟು, ಗಿಟಾರ್ ಬ್ಯಾಗಿನೊಳಗೆ ಹಾಕಿ. ನೀರು ತೊಟ್ಟಿಕ್ಕಬಾರದು.

ಹಾಸ್ಟೆಲ್_ರೂಂ

ನನ್ನದು ನಿನ್ನೆ ಟ್ಯೂನ್ ಮಾಡುವಾಗ ತೆಳು ತಂತಿ ಟಣ್ ಅಂತ ಕಿತ್ತು ಹೋಯ್ತು. ಟ್ಯೂನ್ ಮಾಡೋ ಆಪ್ ಇ ಅಂತಲೇ ತೋರಿಸ್ತಿತ್ತು. ಹೊಸ ತಂತಿ ಹಾಕೋಕೆ ಭಯ ಆಗ್ತಿದೆ.

ಜೋಗಿಮಟ್ಟಿ_ಮಳೆ

ಇ ಸರಿ, ಯಾವ ಸ್ಥಾಯಿಯ ಇ ಅಂತ ನೋಡಬೇಕು. 1ನೇ ತಂತಿ 330 ಹರ್ಟ್ಜ್ ಹತ್ತಿರ ನಿಲ್ಲಬೇಕು. ಆಪಿನಲ್ಲಿ ಇ4 ಅಂತ ತೋರಿಸುತ್ತೆ, ದಪ್ಪ ತಂತಿಗೆ ಇ2. ಮೊದಲು 2ನೇ ತಂತಿ ಸರಿ ಮಾಡಿಕೋ. ಅದರ 5ನೇ ಫ್ರೆಟ್ ಒತ್ತಿ ಮೀಟು, ಆ ಧ್ವನಿ ಕಿವಿಯಲ್ಲಿ ಇಟ್ಟುಕೊಂಡು 1ನೇ ತಂತಿಯನ್ನು ಕೆಳಗಿನಿಂದ ಮೆಲ್ಲಗೆ ಏರಿಸು. ಎಲ್ಲ ಜೋಡಿಗೂ ಇದೇ ರೀತಿ, 3ನೇ ತಂತಿಯಿಂದ 2ನೇದಕ್ಕೆ ಬರುವಾಗ ಮಾತ್ರ 4ನೇ ಫ್ರೆಟ್. ಹೊಸ ತಂತಿ ಒಂದೆರಡು ದಿನ ಇಳೀತಾನೇ ಇರುತ್ತೆ, ಮತ್ತೆ ಮತ್ತೆ ಏರಿಸಬೇಕು. ಬಿರಡೆಗೆ ಎರಡು ಮೂರು ಸುತ್ತು ಬರುವಷ್ಟು ಉದ್ದ ಬಿಟ್ಟು ಕತ್ತರಿಸು.